ಮೇದಿನಿಯ ಬುತ್ತಿಗೆ ಬಂದ ಹನ್ನೊಂದು ಕರುಗಳು

ನನ್ನ ಹೆಸರು ಪಟ್ಟಾಭಿ, ಮದುವೆ ಮನೆಗಳಲ್ಲಿ ಅಡುಗೆ ಮಾಡುವವನು. ನಾನು ಹೋಳಿಗೆ ಬೇಯಿಸಲು ಕೂತರೆ ಬೀಗರು ಜಗಳ ಅರ್ಧಕ್ಕೆ ಬಿಟ್ಟು ವಾಸನೆ ಹಿಡಿದು ಬರುತ್ತಾರೆ ಎಂದು ಜನ ಹೇಳುತ್ತಿದ್ದರು. ಜನ ಅಂದರೆ ಮುಖ್ಯವಾಗಿ ನಾನೇ. ನನ್ನ ಕೈಗುಣ ದೊಡ್ಡದು ಎಂದು ಇಪ್ಪತ್ತು ವರ್ಷ ನಂಬಿಕೊಂಡಿದ್ದೆ. ಅಷ್ಟೂ ವರ್ಷ ಕೆಲಸ ಮಾಡಿದ್ದು ತುಪ್ಪ ಎಂದು ಗೊತ್ತಾಗುವುದಕ್ಕೆ ಆ ಊರಿಗೇ ಹೋಗಬೇಕಾಯಿತು. ಸಾವಿರ ಎಲೆ ಹಾಕಿಸಿದವನು ಒಂಬತ್ತು ವರ್ಷದ ಒಂದು ಮಗುವಿಗೆ ಬುತ್ತಿ ಕಟ್ಟಲಾರದೆ ಇಡೀ ಬೀದಿಯ ಮುಂದೆ ತಲೆ ತಗ್ಗಿಸಿದ್ದು ಹೇಗೆ ಅನ್ನುವುದನ್ನು ಹೇಳುತ್ತೇನೆ, ಕೇಳಿ.

ನನ್ನ ಹೆಂಡತಿ ಕುಮುದ ನರ್ಸು. ಅವಳಿಗೆ ಆ ಊರಿನ ಆಸ್ಪತ್ರೆಗೆ ವರ್ಗವಾಯಿತು. ಮದುವೆ ಸೀಜನ್ನು ಮುಗಿದಿತ್ತು, ಹೀಗಾಗಿ ನಾನೂ ಮಗಳು ಮೇದಿನಿಯೂ ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಹೊರಟೆವು. ದಿನಕ್ಕೆ ಒಂದೇ ಬಸ್ಸು. ಇಳಿದ ಮೇಲೆ ಬಿಸ್ಕತ್ತಿನ ಪೊಟ್ಟಣ ಬಿಸಾಡೋಣವೆಂದು ಕಸದ ಡಬ್ಬಿ ಹುಡುಕಿದೆ. ಎಲ್ಲೂ ಇರಲಿಲ್ಲ. ಮೋರಿಗೆ ಎಸೆದು ಮನೆ ದಾರಿ ಹಿಡಿದೆ. ಸಂಜೆ ಕಾಫಿಗೆ ನೀರಿಟ್ಟು ತಿರುಗಿದರೆ ಅದೇ ಪೊಟ್ಟಣ ಹೊಸ್ತಿಲ ಮೇಲೆ ಕೂತಿತ್ತು. ಗಾಳಿಗೆ ಬಂತೇನೋ ಎಂದು ಹಿತ್ತಲಿಗೆ ಎಸೆದೆ. ಬೆಳಿಗ್ಗೆ ನನ್ನ ಚಪ್ಪಲಿಯ ಮೇಲಿತ್ತು. ನಾಲ್ಕನೆಯ ಸಲಕ್ಕೆ ಪಕ್ಕದ ಮನೆಯ ಹನುಮಕ್ಕನಿಗೆ ನನ್ನನ್ನು ನೋಡಿ ಸಾಕಾಯಿತು. ಆಕೆ ಪೊರಕೆ ಕಟ್ಟುವ ಮುದುಕಿ, ಬೆಳಗಿನಿಂದ ಸಂಜೆವರೆಗೂ ಜಗುಲಿಯ ಮೇಲೆ ಹಂಚಿಕಡ್ಡಿಗಳ ನಡುವೆ ಕೂತಿರುತ್ತಿದ್ದಳು.

"ಯಾಕಪ್ಪ ಅದನ್ನ ಗೋಳುಹುಯ್ಕೊಳ್ತೀಯ? ಮಡಚಿ ಇಟ್ಕೊ. ಮೆಣಸು ಕಟ್ಟೋಕಾಗತ್ತೆ," ಅಂದಳು.

ಆ ಊರಿನಲ್ಲಿ ಬಿಸಾಡಿದ್ದು ಬಿಸಾಡಿದವರ ಮನೆಗೆ ಬರುತ್ತಿತ್ತು. ತಗೊಂಡದ್ದರ ಲೆಕ್ಕವೂ ಹಾಗೆಯೇ. ಮೊಟ್ಟೆ ತಿಂದರೆ ಕೋಳಿ ಬಂದು ಮಂಚದ ಮೇಲೆ ಕೂರುತ್ತಿತ್ತು. ಹಾಲು ಕುಡಿದರೆ ಮಾರನೆಯ ಬೆಳಿಗ್ಗೆ ಕರು ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ತನ್ನ ಪಾಲು ತುಂಬುವಷ್ಟು ಗಂಜಿ ಕುಡಿದ ಮೇಲೆಯೇ ಅದು ಹೊರಡುವುದು. ಮಾಂಸದ ವಿಷಯ ನಾನು ಕೇಳಲಿಲ್ಲ, ಹನುಮಕ್ಕ ಹೇಳಲೂ ಇಲ್ಲ. ಊರವರು ತೆಂಗಿನಹಾಲು, ಎಳ್ಳು, ಕಡಲೆಕಾಯಿ, ಹುಚ್ಚೆಳ್ಳು ಎಂದುಕೊಂಡು ನೆಮ್ಮದಿಯಾಗಿದ್ದರು. ಊಟ ಎಲೆಯಲ್ಲಿ, ಬುತ್ತಿ ಬಟ್ಟೆಯಲ್ಲಿ. ಇನ್ನೊಬ್ಬರ ಮನೆಗೆ ಏನಾದರೂ ಮರಳಿ ಬರುತ್ತಿದ್ದರೆ ಅದನ್ನು ನೋಡುವುದು ಮರ್ಯಾದೆಯಲ್ಲ. ದಾರಿಯಲ್ಲಿ ಯಾರದೋ ಹಳಸಿದ ಅನ್ನ ಸಾಗುತ್ತಿದ್ದರೆ ಎಲ್ಲರೂ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು.

ಕುಮುದ ಬೆಳಿಗ್ಗೆ ಆರಕ್ಕೇ ಡ್ಯೂಟಿಗೆ ಹೋಗಬೇಕಿತ್ತು. ಮೇದಿನಿಯ ಬುತ್ತಿ ನನ್ನ ಪಾಲಿಗೆ ಬಂತು.

"ರೀ, ಎರಡು ರೊಟ್ಟಿ, ಒಂದು ಚಟ್ನಿ ಸಾಕು," ಅಂದಳು ಕುಮುದ.

"ನನಗೆ ಹೇಳಿಕೊಡ್ತೀಯಾ?" ಅಂದೆ.

ಮೊದಲ ದಿನ ಐದು ಗಂಟೆಗೆ ಎದ್ದೆ. ಹಾಲಿಲ್ಲ, ಮೊಸರಿಲ್ಲ, ಬೆಣ್ಣೆಯಿಲ್ಲ. ಇರಲಿ, ಪಟ್ಟಾಭಿ ಯಾರು ಎಂದು ಈ ಊರಿಗೂ ಗೊತ್ತಾಗಲಿ. ತೆಂಗಿನಹಾಲಿನ ಪುಲಾವು, ಹುರಿದ ಗೋಡಂಬಿ, ಬೀಟ್‌ರೂಟಿನ ಗುಲಾಬಿ, ಸೌತೆಕಾಯಿಯಲ್ಲಿ ಕೆತ್ತಿದ ಹಂಸ. ಹಂಸದ ಕಣ್ಣಿಗೆ ಎರಡು ಮೆಣಸಿನಕಾಳು. ಡಬ್ಬಿಯ ಮುಚ್ಚಳ ಹಾಕುವ ಮುಂಚೆ ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ನಾನೇ ನೋಡಿದೆ.

ಮಧ್ಯಾಹ್ನ ಎರಡು ಗಂಟೆಗೆ ಬೀದಿಯಲ್ಲಿ ಮಾತು ನಿಂತಿತು. ಕಿಟಕಿಯಿಂದ ಇಣುಕಿದೆ. ಹನುಮಕ್ಕ ಗೋಡೆಗೆ ಮುಖ ಮಾಡಿದ್ದಳು. ಎದುರು ಮನೆಯವರು ಸುಣ್ಣದ ಗೋಡೆಯ ಮೇಲೆ ಏನೋ ಬರೆದಿದೆ ಎನ್ನುವ ಹಾಗೆ ಓದುತ್ತಿದ್ದರು. ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಪುಲಾವು, ಗೋಡಂಬಿ, ಗುಲಾಬಿ, ಹಂಸ. ಹಂಸಕ್ಕೆ ಒಂದು ಕಣ್ಣು ಹೋಗಿತ್ತು, ಅಷ್ಟೇ.

ಸಂಜೆ ಮೇದಿನಿ ತೊಳೆದ ಡಬ್ಬಿ ತಂದು ಇಟ್ಟಳು. "ಹೇಗಿತ್ತು ಪುಟ್ಟಿ?" ಅಂದೆ.

"ಚೆನ್ನಾಗಿತ್ತಪ್ಪ," ಅಂದಳು. ನನ್ನ ಮುಖ ನೋಡಲಿಲ್ಲ.

ಮಾರನೆಯ ದಿನ ಗಂಜೀಫಾ ಆಟದ ಎಲೆಯಷ್ಟು ಚಿಕ್ಕ ಚಿಕ್ಕ ಪೂರಿ ಮಾಡಿದೆ. ಎರಡಕ್ಕೆ ಅವೂ ಬಂದವು. ಪುಳಿಯೋಗರೆ ಬಂತು. ಬಿಸಿಬೇಳೆಬಾತು ಬಂದಾಗ ಬೀದಿಯ ನಾಯಿ ಕೂಡ ಬೇರೆ ಕಡೆ ತಿರುಗಿಕೊಂಡಿತು. ಅದನ್ನು ಎಸೆಯುವಂತಿಲ್ಲ, ಎಸೆದರೆ ಮತ್ತೆ ಬರುತ್ತದೆ. ಹೀಗಾಗಿ ನಾನೇ ಕೂತು ತಿನ್ನುತ್ತಿದ್ದೆ. ಮೂರು ವಾರ ಕಳೆಯುವಷ್ಟರಲ್ಲಿ ಮಗಳು ಹೇಗಿದ್ದಳೋ ಹಾಗೆಯೇ ಇದ್ದಳು, ನನ್ನ ಪಂಚೆ ಮಾತ್ರ ಸುತ್ತು ಸಾಲದಾಯಿತು.

ತಪ್ಪು ಯಾರದು ಎಂದು ಬಹಳ ಯೋಚಿಸಿದೆ. ಮೊದಲು ಕೊಬ್ಬರಿಯೆಣ್ಣೆಯದು ಅನ್ನಿಸಿತು. ಆಮೇಲೆ ಊರಿನ ನೀರಿನದು. ಆಮೇಲೆ ಹನುಮಕ್ಕನ ಕಣ್ಣಿನದು. ನನ್ನದಿರಬಹುದು ಎಂಬ ಯೋಚನೆ ಆ ಪಟ್ಟಿಯಲ್ಲೇ ಇರಲಿಲ್ಲ. ಒಂದು ದಿನ ತಡೆಯಲಾರದೆ ಹನುಮಕ್ಕನನ್ನೇ ಕೇಳಿದೆ. ಆಕೆಯ ಮೊಮ್ಮಗಳು ನೀಲ ಮೇದಿನಿಯ ತರಗತಿಯವಳೇ. "ನಮ್ಮ ಹುಡುಗಿ ಶಾಲೇಲಿ ಹಸ್ಕೊಂಡಿರ್ತಾಳಾ, ಹನುಮಕ್ಕ? ನೀಲ ಏನಾದ್ರೂ ಹೇಳಿದ್ಲಾ?"

"ಮಗು ತಿಂತಾ ಐತೆ. ನೀನು ಆರಾಮಾಗಿರಪ್ಪ," ಅಂದು ಆಕೆ ಕಡ್ಡಿ ಬಿಗಿದಳು.

ಏನು ತಿನ್ನುತ್ತಿದ್ದಾಳೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡು ಒಳಗೆ ಬಂದೆ.

ಅಡುಗೆಮನೆಯ ಅಟ್ಟದ ಮೇಲೆ ನನ್ನ ಒಂದು ತಗಡಿನ ಡಬ್ಬಿ ಇತ್ತು. ಎರಡು ಕಿಲೋ ಹಸುವಿನ ತುಪ್ಪ, ಹರಳು ಹರಳಾಗಿ. ಊರು ಬಿಡುವಾಗ ಹಾಸಿಗೆ ಸುರುಳಿಯಲ್ಲಿ ಸುತ್ತಿ ತಂದಿದ್ದೆ. ಕುಮುದಳಿಗೆ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳು ಹೋಗುವುದನ್ನೇ ಕಾದು ಡಬ್ಬಿ ಇಳಿಸಿದೆ. ಹಾಲಿಗೆ ಕರು ಬರುತ್ತದೆ ಎಂದು ಹೇಳಿದ್ದಾರೆಯೇ ಹೊರತು ತುಪ್ಪಕ್ಕೆ ಬರುತ್ತದೆ ಎಂದು ಯಾರೂ ಹೇಳಿಲ್ಲವಲ್ಲ ಎಂದು ವಾದ ಮಾಡಿಕೊಂಡೆ. ಎದುರು ವಾದಿಸುವವರು ಯಾರೂ ಇರಲಿಲ್ಲ, ಗೆದ್ದೆ. ತೊಗರಿಬೇಳೆ ಬೇಯಿಸಿ, ಬೆಲ್ಲ ಹಾಕಿ, ಹೂರಣ ರುಬ್ಬಿ ಆರು ಹೋಳಿಗೆ ತಟ್ಟಿದೆ. ಹೆಂಚಿನ ಮೇಲೆ ತುಪ್ಪ ಬಿದ್ದಾಗ ನನಗೆ ಕಣ್ಣಲ್ಲಿ ನೀರು ಬಂತು. ಆರನ್ನೂ ಬಾಳೆ ಎಲೆಯಲ್ಲಿ ಸುತ್ತಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟೆ.

ಅವತ್ತು ಎರಡು ಗಂಟೆ ಆಯಿತು, ಎರಡೂವರೆ ಆಯಿತು. ಹೊಸ್ತಿಲ ಮೇಲೆ ಏನೂ ಬರಲಿಲ್ಲ. ನಾನು ಜಗುಲಿಗೆ ಬಂದು, ಅವಶ್ಯಕತೆ ಇಲ್ಲದಿದ್ದರೂ, ಬೀದಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಸಂಜೆ ಮೇದಿನಿ ಓಡಿ ಬಂದಳು. ಆ ಊರಿಗೆ ಬಂದ ಮೇಲೆ ಅವಳು ಓಡಿ ಬಂದದ್ದು ಅದೇ ಮೊದಲು.

"ಅಪ್ಪ, ಎಲ್ಲಾರೂ ತಿಂದ್ರು! ಚೂರು ಚೂರು ಹಂಚ್ಕೊಂಡ್ವಿ. ನೀಲ ಬೆರಳು ನೆಕ್ಕಿದ್ಲು!"

"ಎಷ್ಟು ಜನ?"

"ನಾನೂ ಸೇರಿ ಹನ್ನೊಂದು!"

ನಾನು ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದೆ. ಆ ಹನ್ನೊಂದು ಎನ್ನುವ ಸಂಖ್ಯೆ ನನ್ನ ತಲೆಯಲ್ಲಿ ಮರುದಿನ ಬೆಳಿಗ್ಗೆವರೆಗೂ ಪ್ರಶಸ್ತಿಯ ಹಾಗೆ ಕೂತಿತ್ತು.

ಬೆಳಿಗ್ಗೆ ಬಾಗಿಲು ತೆಗೆದವಳು ಕುಮುದ. ತೆಗೆದವಳು ಹಾಗೇ ನಿಂತಳು. ಹೊಸ್ತಿಲಲ್ಲಿ ಒಂದು ಕೆಂದು ಕರು, ಒದ್ದೆ ಮೂಗು, ಉದ್ದ ಕಿವಿ. ಹೊಸ್ತಿಲಾಚೆ ನೋಡಿದರೆ ಬೀದಿಯಲ್ಲಿ ಬಾಗಿಲು ಬಿಟ್ಟು ಬಾಗಿಲಿಗೆ ಒಂದೊಂದು ಕರು. ಕಪ್ಪು, ಬಿಳಿ, ಮಚ್ಚೆಯದು. ಅಂಬಾ ಎಂದು ಒಂದು ಕೂಗಿದರೆ ಹತ್ತು ದನಿಗೂಡಿಸುತ್ತಿದ್ದವು. ಪೇಷೆಂಟಿನ ಬಾಯಿಂದ ಥರ್ಮಾಮೀಟರು ತೆಗೆದು ನೋಡುವ ಹಾಗೆ ಕುಮುದ ನನ್ನನ್ನು ನೋಡಿದಳು.

"ಎಷ್ಟಿದೆ ಇನ್ನೂ?" ಅಂದಳು.

"ಒಂದೂ ಮುಕ್ಕಾಲು ಕಿಲೋ," ಅಂದೆ.

ಅವಳು ಬ್ಯಾಗು ತಗೊಂಡು ಕರುವಿನ ಪಕ್ಕದಲ್ಲಿ ಜಾಗ ಮಾಡಿಕೊಂಡು ಡ್ಯೂಟಿಗೆ ಹೋದಳು.

ಹನುಮಕ್ಕನ ಮನೆ ಒಂದೇ ಕೋಣೆಯದು. ಅಲ್ಲಿಗೆ ಬಂದ ಕರು ಬಾಗಿಲಲ್ಲಿ ನಿಲ್ಲದೆ ಜಗುಲಿ ಹತ್ತಿ, ಆಕೆ ತಿಂಗಳಿಡೀ ಕೊಯ್ದು ಒಣಗಿಸಿದ್ದ ಹಂಚಿಕಡ್ಡಿಯ ಅರ್ಧ ರಾಶಿಯನ್ನು ಮೆದ್ದು, ಉಳಿದರ್ಧವನ್ನು ತುಳಿದುಹಾಕಿತ್ತು. ಆಕೆ ಮುರಿದ ಕಡ್ಡಿಗಳನ್ನು ಒಂದೊಂದಾಗಿ ಬೇರೆ ಮಾಡುತ್ತಾ ಕೂತಿದ್ದಳು. ನನ್ನನ್ನು ಕಂಡು ಗೋಡೆಯ ಕಡೆ ತಿರುಗಿಕೊಂಡಳು. ಬೀದಿಯವರೆಲ್ಲ ಹಾಗೆಯೇ ಮಾಡಿದರು. ಯಾರಾದರೂ ಬಂದು ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ಜನಕ್ಕೆ ಮರ್ಯಾದೆ ವಿಪರೀತ.

ಒಳಗೆ ಮೇದಿನಿ ಸಮವಸ್ತ್ರ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

"ಅಪ್ಪ, ತುಪ್ಪ ಹಾಕಿದ್ಯಾ?"

"ಸ್ವಲ್ಪ," ಅಂದೆ.

"ವಾಸನೆ ನೋಡಿ ನೀಲ ಬೇಡ ಅಂದಿದ್ಲು. ತುಪ್ಪ ಇರಬೇಕು ಕಣೇ ಅಂದ್ಲು. ನಾನೇ, ನಮ್ಮಪ್ಪ ಹಾಕಲ್ಲ, ಆಣೆಗೂ ಹಾಕಲ್ಲ ಅಂದೆ. ಆಮೇಲೆ ಎಲ್ಲಾರೂ ತಿಂದ್ರು."

ಅವಳು ಅಳಲಿಲ್ಲ. ಟೈ ಬಿಚ್ಚಿ, ಮಡಚಿ, ಕಪಾಟಿನಲ್ಲಿ ಇಟ್ಟಳು. "ನಾನು ಶಾಲೆಗೆ ಹೋಗಲ್ಲ," ಅಂದಳು.

ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಬಿಸಿನೀರು ಸುರಿದು ಮುಚ್ಚುವುದು ನನಗೆ ಗೊತ್ತಿತ್ತು. ಇದಕ್ಕೆ ಏನು ಸುರಿಯುವುದು ತಿಳಿಯಲಿಲ್ಲ. ಕೊನೆಗೆ ಅಂಗಿ ಹಾಕಿಕೊಂಡು ಹನುಮಕ್ಕನ ಜಗುಲಿಗೆ ಹೋಗಿ, ಗೋಡೆ ನೋಡುತ್ತಿದ್ದ ಆಕೆಗೂ ಗೋಡೆಗೂ ನಡುವೆ ನಿಂತೆ. ನನ್ನ ಗಾತ್ರಕ್ಕೆ ಅದು ಸುಲಭವಾಗಿರಲಿಲ್ಲ.

"ಹನುಮಕ್ಕ, ತುಪ್ಪ ನನ್ನದು. ಹುಡುಗಿಗೆ ಗೊತ್ತಿರಲಿಲ್ಲ."

"ಗೊತ್ತು ಕಣಪ್ಪ," ಅಂದಳು. "ಈ ಬೀದೀಲಿ ಹೋಳಿಗೆ ಮಾಡೋನು ನಿನ್ನ ಬಿಟ್ರೆ ಇನ್ಯಾರವ್ನೆ?"

"ಕರುವನ್ನ ನಮ್ಮ ಮನೆಗೆ ಹೊಡ್ಕೊಂಡು ಹೋಗ್ತೀನಿ. ಹನ್ನೊಂದನ್ನೂ ನಾನೇ ಸಾಕ್ತೀನಿ."

"ತಿಂದೋರ ಬಾಗಿಲು ಬಿಟ್ಟು ಅದು ಕದಲಲ್ಲ. ನೀನು ಗಂಜಿ ಕಾಯಿಸ್ಕೊಂಡು ಇಲ್ಲಿಗೇ ಬಾ. ಉಳಿದ ಮನೆಗಳಿಗೂ ಹೋಗು. ಹೋಗಿ ಬಾಯ್ಬಿಟ್ಟು ಹೇಳು. ನೀನು ಹೇಳೋವರೆಗೂ ಅವರು ಕೇಳಲ್ಲ, ಗೋಡೆ ನೋಡಿ ನೋಡಿ ಅವರಿಗೂ ಕತ್ತು ನೋಯ್ತದೆ."

ಹಾಗೆ ಸಾವಿರ ಎಲೆಯ ಪಟ್ಟಾಭಿ ಕರುಗಳ ಅಡುಗೆಯವನಾದ. ದೊಡ್ಡ ಹಂಡೆಯಲ್ಲಿ ರಾಗಿಗಂಜಿ ಕಾಯಿಸಿ, ಬೆಲ್ಲ ಹಾಕಿ, ಎರಡು ಬಕೆಟ್ಟುಗಳಲ್ಲಿ ಹೊತ್ತು ಮನೆ ಮನೆಗೆ ಹೊರಟೆ. ಮೊದಲ ಕರು ಬಕೆಟ್ಟನ್ನು ಮೂಸಿ ನೋಡಿ ಮುಖ ತಿರುಗಿಸಿತು. ಎರಡನೆಯದು ಬಕೆಟ್ಟನ್ನೇ ಒದೆಯಿತು. ಇವಕ್ಕೂ ಮೇದಿನಿಯ ಅಭ್ಯಾಸವೇ ಇದೆಯಲ್ಲ ಎಂದುಕೊಂಡೆ. ಏಲಕ್ಕಿ ಹಾಕಿದರೆ ಹೇಗೆ ಎಂಬ ಯೋಚನೆಯೂ ಬಂತು, ನಿಜ ಹೇಳುತ್ತೇನೆ. ಹನುಮಕ್ಕನೇ ಎದ್ದು ಬಂದು ತೋರಿಸಿಕೊಟ್ಟಳು: ಗಂಜಿಯಲ್ಲಿ ಬೆರಳು ಅದ್ದಿ ಕರುವಿನ ಬಾಯಿಗೆ ಕೊಡಬೇಕು, ಅದು ಬೆರಳು ಚೀಪುತ್ತಿರುವಾಗ ಮೆಲ್ಲಗೆ ಕೈಯನ್ನು ಬಕೆಟ್ಟಿಗೆ ಇಳಿಸಬೇಕು. ಅರ್ಧ ಗಂಟೆ ಬಗ್ಗಿ ನಿಂತೆ. ಕೊನೆಗೆ ಕರು ಸೊರ ಸೊರ ಎಂದು ಕುಡಿಯಿತು. ನಾನು ಮಾಡಿದ್ದನ್ನು ಆ ಊರಿನಲ್ಲಿ ಯಾರೋ ಪೂರ್ತಿ ಮುಗಿಸಿದ್ದು ಅದೇ ಮೊದಲು. ಹೋಳಿಗೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿದೆ: ತುಪ್ಪ ನನ್ನದು, ಹುಡುಗಿಗೆ ಗೊತ್ತಿರಲಿಲ್ಲ. ಒಬ್ಬರು ಬೈದರು. ಒಬ್ಬರು ಕಾಫಿ ಕೊಟ್ಟರು, ಅದೂ ಕಪ್ಪು ಕಾಫಿ. ಒಬ್ಬ ಅಜ್ಜ ಕರುವಿನ ಬೆನ್ನು ಸವರುತ್ತಾ, "ನಲವತ್ತು ವರ್ಷ ಆಗಿತ್ತು ತುಪ್ಪದ ವಾಸನೆ ನೋಡಿ. ಮೊಮ್ಮಗನ ಕೈ ಮೂಸಿದೆ," ಅಂದ. ಆಮೇಲೆ ತಪ್ಪು ಮಾಡಿದವನ ಹಾಗೆ ಅತ್ತಿತ್ತ ನೋಡಿದ.

ಬೆಳಿಗ್ಗೆ ಏಳಕ್ಕೆಲ್ಲ ಬಾಗಿಲುಗಳಲ್ಲಿ ಬಗ್ಗಿ ನಿಂತಿರುತ್ತಿದ್ದುದರಿಂದ ಹತ್ತು ಮನೆಯ ಬುತ್ತಿ ಕಟ್ಟುವುದನ್ನೂ ನೋಡಿದೆ. ಯಾರೂ ಹಂಸ ಕೆತ್ತುತ್ತಿರಲಿಲ್ಲ. ಮುತ್ತುಗದ ಎಲೆಯಲ್ಲಿ ಎರಡು ರೊಟ್ಟಿ, ನಡುವೆ ಚಟ್ನಿಪುಡಿ, ಎಣ್ಣೆಯ ಒಂದು ಬೊಟ್ಟು, ಒಂದು ಬಾಳೆಹಣ್ಣು. ಮಗು ನಿನ್ನೆ ಬಿಟ್ಟಿದ್ದರೆ ಇವತ್ತು ಅರ್ಧ ಕಡಿಮೆ. ಕೇಳಿದ್ದರೆ ಅರ್ಧ ಹೆಚ್ಚು. ಹನುಮಕ್ಕ ಮಾತ್ರ ಪುಟ್ಟ ನೀಲಳಿಗೆ ನಾಲ್ಕು ರೊಟ್ಟಿ ಕಟ್ಟುತ್ತಿದ್ದಳು. ಐದನೆಯ ದಿನ ಎರಡೇ ಕಟ್ಟಿದ್ದು ಕಂಡು, "ಯಾಕೆ ಹನುಮಕ್ಕ, ನೀಲನಿಗೆ ಹುಷಾರಿಲ್ವಾ?" ಅಂದೆ.

"ನಿನ್ನ ಮಗಳು ಶಾಲೆಗೆ ಬರ್ತಿಲ್ವಲ್ಲ," ಅಂದಳು. "ಇಷ್ಟು ದಿನ ಮರೆತು ಮರೆತು ನಾಲ್ಕೇ ಕಟ್ತಿದ್ದೆ."

ನನ್ನ ಕೈ ಕರುವಿನ ಬಾಯಲ್ಲಿತ್ತು. ಹಾಗೇ ಬಿಟ್ಟೆ. ಮೂರು ವಾರ ನನ್ನ ಮಗಳನ್ನು ಸಾಕಿದವಳ ಕಡ್ಡಿಯ ರಾಶಿಯನ್ನೇ ನನ್ನ ತುಪ್ಪ ಮೇಯಿಸಿತ್ತು. ಅವತ್ತು ಮಧ್ಯಾಹ್ನದಿಂದ ಗಂಜಿ ಕೆಲಸ ಮುಗಿದ ಮೇಲೆ ಗುಡ್ಡಕ್ಕೆ ಹೋಗಿ ಹಂಚಿಕಡ್ಡಿ ಕೊಯ್ದು ತರತೊಡಗಿದೆ. ಕೈಯೆಲ್ಲ ಕುಯ್ದುಕೊಂಡೆ. ಒಂದು ಪೊರಕೆಯನ್ನೂ ಕಟ್ಟಿದೆ. ಹನುಮಕ್ಕ ಅದನ್ನು ತಿರುಗಿಸಿ ನೋಡಿ, "ನೀನು ಕಡ್ಡಿ ಮಾತ್ರ ತಾ," ಅಂದಳು.

ಆರನೆಯ ಬೆಳಿಗ್ಗೆ ಬಕೆಟ್ಟು ಎತ್ತಲು ಬಗ್ಗಿದಾಗ ಒಂದು ಬಕೆಟ್ಟಿನ ಹಿಡಿಯನ್ನು ಮೇದಿನಿ ಹಿಡಿದಿದ್ದಳು. ಇಬ್ಬರೂ ಮೂರು ಮನೆ ದಾಟಿದೆವು.

"ನಾನು ಶಾಲೆ ನೀರಿನ ಟ್ಯಾಂಕಿನ ಹಿಂದೆ ಬುತ್ತಿ ಸುರೀತಿದ್ದೆ," ಅಂದಳು ಕೊನೆಗೆ. "ನಿನ್ನ ಡಬ್ಬಿ ತೆಗೆದ್ರೆ ಎಲ್ಲಾರೂ ತಿನ್ನೋದು ಬಿಟ್ಟು ನೋಡ್ತಾರಪ್ಪ. ಮದುವೆ ಬಂತು ಅಂತಾರೆ. ಅವರು ಒಬ್ಬರದ್ದೊಬ್ಬರು ಕಿತ್ಕೊಂಡು ತಿಂತಾರೆ, ನನ್ನದನ್ನ ಯಾರೂ ಮುಟ್ಟಲ್ಲ. ಮುಟ್ಟಿದ್ರೆ ಕೆಡತ್ತೆ ಅಂತಾರೆ."

"ಹೇಳಬಹುದಿತ್ತಲ್ಲ ಪುಟ್ಟಿ."

"ನೀನು ಐದು ಗಂಟೆಗೇ ಎದ್ದು ಮಾಡ್ತಿದ್ದೆಯಲ್ಲ."

ನಾನು ಬಕೆಟ್ಟು ಇಳಿಸಿ ಪಂಚೆ ಸರಿ ಮಾಡಿಕೊಂಡೆ. ಸರಿಯಾಗಿಯೇ ಇತ್ತು.

ಹನ್ನೆರಡನೆಯ ದಿನಕ್ಕೆ ಕರುಗಳು ಒಂದೊಂದಾಗಿ ಹೊರಟವು. ನಮ್ಮ ಕೆಂದು ಕರು ಕೊನೆಯದು. ಮೇದಿನಿ ಬೀದಿಯ ತುದಿಯವರೆಗೂ ಅದರ ಜೊತೆ ಹೋಗಿ ಬಂದಳು. ಉಳಿದ ತುಪ್ಪವನ್ನು ಕುಮುದ ತನ್ನೂರಿನ ಬಸ್ಸಿನ ಡ್ರೈವರನ ಕೈಯಲ್ಲಿ ತನ್ನ ಅಮ್ಮನಿಗೆ ಕಳಿಸಿಬಿಟ್ಟಿದ್ದಳು. ಕಳಿಸಿಯಾದ ಮೇಲೆ ನನಗೆ ಹೇಳಿದಳು.

"ನಾಳೆ ಶಾಲೆಗೆ ಹೋಗ್ತೀಯಾ?" ಎಂದು ಮೇದಿನಿಯನ್ನು ಕೇಳಿದೆ. "ಎಲ್ಲರ ಮನೆಗೂ ಹೋಗಿ ಹೇಳಿದೀನಲ್ಲ."

"ನೀನು ಹೇಳಿದ್ದು ನಮ್ಮ ಕ್ಲಾಸಿನವರ ಅಜ್ಜಿ ತಾತಂದಿರಿಗೆ. ನಾನು ಆಣೆ ಹಾಕಿದ್ದು ಅವರಿಗೆ. ನೀನೂ ಬಾ."

ಬೆಳಿಗ್ಗೆ ಅವಳನ್ನೇ ಕೇಳಿ ಬುತ್ತಿ ಕಟ್ಟಿದೆ. ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಗಾಬರಿಯಲ್ಲಿ ಒಂದು ರೊಟ್ಟಿ ಸೀದುಹೋಯಿತು. ಬೇರೆ ತಟ್ಟುತ್ತೇನೆ ಅಂದೆ, ಬೇಡ ಹೊತ್ತಾಯಿತು ಅಂದಳು.

ಊಟದ ಗಂಟೆ ಹೊಡೆಯುವ ಹೊತ್ತಿಗೆ ಟೀಚರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಎಷ್ಟೋ ಬೀಗರ ಮುಂದೆ ಎದೆ ಸೆಟೆಸಿ ಮಾತಾಡಿದವನು ಆ ಹತ್ತು ಮಕ್ಕಳ ಮುಂದೆ ಕೈಕಟ್ಟಿ ನಿಂತೆ. "ತುಪ್ಪ ಹಾಕಿದ್ದು ನಾನು. ಮೇದಿನಿಗೆ ಗೊತ್ತಿರಲಿಲ್ಲ. ಅವಳು ನನ್ನನ್ನ ನಂಬಿ ನಿಮಗೆ ಹೇಳಿದಳು. ತಪ್ಪಾಯ್ತು," ಅಂದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನ ಒಂದು ಹುಡುಗಿ, "ನಮ್ಮ ಕರು ಹೆಸರಿಡೋ ಮುಂಚೆನೇ ಹೊರಟುಹೋಯ್ತು," ಎಂದು ದೂರು ಹೇಳಿದಳು. ಅದಕ್ಕೂ ತಪ್ಪಾಯ್ತು ಅಂದೆ.

ನೆಲದ ಮೇಲೆ ದುಂಡಗೆ ಕೂತರು. ನನಗೂ ಸ್ವಲ್ಪ ಜಾಗ ಬಿಟ್ಟರು. ಸ್ವಲ್ಪ ಸಾಲದೆ ಇನ್ನೂ ಸ್ವಲ್ಪ ಸರಿದರು. ಗಂಟುಗಳು ಬಿಚ್ಚಿದವು, ಕೈಗಳು ಅಡ್ಡಾದಿಡ್ಡಿ ಓಡಾಡಿದವು. ಮೇದಿನಿ ತನ್ನ ಬಟ್ಟೆಯ ಗಂಟು ಬಿಚ್ಚಿ ನಡುವಿಗೆ ಸರಿಸಿದಳು. ಯಾರ ಕೈಯೂ ಬರಲಿಲ್ಲ.

"ಇದರಲ್ಲಿ ತುಪ್ಪ ಇದೆಯಾ?" ಎಂದು ನೀಲ ಮೇದಿನಿಯನ್ನು ಕೇಳಿದಳು.

ಮೇದಿನಿ ನನ್ನ ಕಡೆ ನೋಡಲಿಲ್ಲ. "ನನಗೆ ಗೊತ್ತಿಲ್ಲ. ಅವರನ್ನೇ ಕೇಳು," ಅಂದಳು.

ನೀಲ ನನ್ನ ಕಡೆ ತಿರುಗಿದಳು. ಹನುಮಕ್ಕನ ಕಣ್ಣೇ ಅವಳಿಗೂ.

"ಇಲ್ಲಮ್ಮ," ಅಂದೆ. "ಕಡಲೆಕಾಯಿ ಎಣ್ಣೆ. ಅದೂ ಒಂದು ಬೊಟ್ಟು."

ಅವಳು ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ತಿರುಗಿಸಿ ಇನ್ನೊಂದು ಕಡೆಯೂ ಮೂಸಿದಳು. ಆಮೇಲೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಹತ್ತು ಮಕ್ಕಳೂ ನಾನೂ ಅವಳ ದವಡೆಯನ್ನೇ ನೋಡುತ್ತಿದ್ದೆವು.

"ಸೀದಿದೆ," ಅಂದಳು.

"ಹೌದು," ಅಂದೆ.

ಮೇದಿನಿ ಕೈ ಚಾಚಿ ಸೀದ ಕಡೆಯ ತುಂಡನ್ನು ಮುರಿದುಕೊಂಡು ತಿಂದಳು.